ಕಿಡಿ ಹಾರುವ ಕ್ಷಣ: ಸಣ್ಣ ವಿಮಾನದ ಎಂಜಿನ್ನಿನಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್

ನಾವು ನಾಲ್ವರು ಗೆಳೆಯರು ಪಾಲು ಹಾಕಿ ಕೊಂಡ ಹಳೆಯ ಸೆಸ್ನಾ 172 ವಿಮಾನದಲ್ಲಿ ಲೈಕಮಿಂಗ್ ಓ-320 ಎಂಜಿನ್ ಇದೆ. ಅದರ ಎರಡು ಮ್ಯಾಗ್ನೆಟೋಗಳಲ್ಲಿ ಒಂದನ್ನು ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಕೂಡಿಸಿದೆವು. ಮೊದಲ ಹಾರಾಟದಲ್ಲೇ, ಮೇಲೇರುವಾಗ, ಸಿಲಿಂಡರುಗಳ ಉಷ್ಣಾಂಶ ಹಿಂದೆಂದೂ ಕಾಣದಷ್ಟು ಏರಿತು. ನಾನು ಶಕ್ತಿಯನ್ನು ತಗ್ಗಿಸಿ ಹಿಂತಿರುಗಿ ಇಳಿಸಿದೆ. ಕಾರಣವನ್ನು ಅರಸುತ್ತ ತಿಳಿದುಕೊಂಡದ್ದನ್ನು ಇಲ್ಲಿ ನಿರೂಪಿಸುತ್ತೇನೆ.

ಸಿಲಿಂಡರಿನೊಳಗಿನ ಮಿಶ್ರಣ ಒಮ್ಮೆಲೇ ಸಿಡಿಯುವುದಿಲ್ಲ. ಕಿಡಿಯಿಂದ ಹೊರಟ ಜ್ವಾಲೆ ಹರಡಲು ಕಾಲಾವಕಾಶ ಬೇಕು. ಆದ್ದರಿಂದ ಪಿಸ್ಟನ್ ತುತ್ತತುದಿಯನ್ನು ತಲಪುವ ಮೊದಲೇ ಕಿಡಿ ಹಾರಬೇಕು. ನಮ್ಮ ಎಂಜಿನ್ನಿಗೆ ವಿಧಿಸಿರುವ ಮುಂಗಡ 25 ಡಿಗ್ರಿ. ನಿಮಿಷಕ್ಕೆ 2400 ಸುತ್ತಿನ ವೇಗದಲ್ಲಿ ಅದು ಸುಮಾರು 1.7 ಮಿಲಿಸೆಕೆಂಡು; ಒಂದು ಡಿಗ್ರಿಯೆಂದರೆ 0.07 ಮಿಲಿಸೆಕೆಂಡು ಮಾತ್ರ.

ಎಂಜಿನ್ ಚಾಲೂ ಮಾಡುವ ಗಳಿಗೆಯನ್ನು ಬಿಟ್ಟರೆ ಮ್ಯಾಗ್ನೆಟೋ ಈ ಒಂದೇ ಅಂಕೆಗೆ ಬದ್ಧ. ನೆಲಮಟ್ಟದಲ್ಲಿ, ಪೂರ್ಣ ಶಕ್ತಿಯಲ್ಲಿ ಅದು ಕ್ಷೇಮಕರ. ಆದರೆ ಎಂಟು ಸಾವಿರ ಅಡಿಯ ಮೇಲೆ ಗಾಳಿ ವಿರಳ, ಉರಿಯುವಿಕೆ ನಿಧಾನ. ಒತ್ತಡ ತಡವಾಗಿ ಉಚ್ಛ್ರಾಯಕ್ಕೆ ಬಂದು ಶಕ್ತಿಯ ಒಂದು ಪಾಲು ಹೊಗೆಕೊಳವೆಯ ಪಾಲಾಗುತ್ತದೆ. ಎಲೆಕ್ಟ್ರಾನಿಕ್ ಸಾಧನವು ಮ್ಯಾನಿಫೋಲ್ಡ್ ಒತ್ತಡವನ್ನು ಅಳೆದು, ಅದು ಇಳಿದಂತೆಲ್ಲ ಮುಂಗಡವನ್ನು ಹೆಚ್ಚಿಸುತ್ತದೆ. ಕಾರುಗಳಲ್ಲಿ ವ್ಯಾಕ್ಯೂಮ್ ಅಡ್ವಾನ್ಸ್ ಎಂಬ ಹೆಸರಿನಿಂದ ಈ ಉಪಾಯ ದಶಕಗಳ ಹಿಂದೆಯೇ ಇತ್ತು. ವಿಮಾನಗಳು ಹಿಂದುಳಿದದ್ದಕ್ಕೆ ಸೋಮಾರಿತನ ಕಾರಣವಲ್ಲ, ಭಯ. ಆ ಭಯ ನ್ಯಾಯವಾದದ್ದೇ.

ಏಕೆಂದರೆ, ತುಂಬು ಶಕ್ತಿಯಲ್ಲಿ ಕಿಡಿ ಬೇಗನೆ ಹಾರಿದರೆ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಒತ್ತಡ ಮಿತಿಮೀರುತ್ತದೆ. ಸಿಲಿಂಡರ್ ಕಾಯುತ್ತದೆ, ಉಳಿದ ಮಿಶ್ರಣ ತಾನಾಗಿ ಸಿಡಿಯತೊಡಗಿದರೆ ಪಿಸ್ಟನ್ನಿಗೇ ತೂತು ಬೀಳಬಹುದು. ಕಾರಿನಲ್ಲಾದರೆ ಆ ಬಡಿತ ಕಿವಿಗೆ ಕೇಳಿಸುತ್ತದೆ. ಪ್ರೊಪೆಲ್ಲರಿನ ಗದ್ದಲದಲ್ಲಿ ಪೈಲಟನಿಗೆ ಕೇಳಿಸದು. ಉಷ್ಣಮಾಪಕದ ಮುಳ್ಳೊಂದೇ ಸಾಕ್ಷಿ. ನಮ್ಮ ವಿಮಾನದಲ್ಲಿ ಆಗಿದ್ದೂ ಇದೇ ಬಗೆಯ ದೋಷ: ಸಾಧನವನ್ನು ಕೂಡಿಸುವಾಗ ತುತ್ತತುದಿಯ ಗುರುತು ಕೆಲವು ಡಿಗ್ರಿ ತಪ್ಪಿತ್ತು. ಲೆಕ್ಕವೆಲ್ಲ ಆ ಗುರುತಿನಿಂದಲೇ ಆರಂಭವಾಗುವುದರಿಂದ ಪ್ರತಿಯೊಂದು ಕಿಡಿಯೂ ಅಷ್ಟೇ ಮುಂಚಿತವಾಗಿ ಹಾರುತ್ತಿತ್ತು. ಸರಿಪಡಿಸಿದ ಮೇಲೆ ಉಷ್ಣಾಂಶ ಹಳೆಯ ಮಟ್ಟಕ್ಕೆ ಇಳಿಯಿತು.

ಎರಡನೆಯ ಮ್ಯಾಗ್ನೆಟೋವನ್ನೂ ಬದಲಿಸೋಣವೆಂದು ಗೆಳೆಯರೊಬ್ಬರ ವಾದ. ನಾನು ಒಪ್ಪಿಲ್ಲ. ಮ್ಯಾಗ್ನೆಟೋ ತನ್ನ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ; ನಮ್ಮ ಹೊಸ ಸಾಧನಕ್ಕೆ ಬ್ಯಾಟರಿ ಬೇಕೇಬೇಕು. ಹಾರುವ ಮುನ್ನ ಒಂದೊಂದನ್ನೇ ಆರಿಸಿ ಪರೀಕ್ಷಿಸುವಾಗ, ಹೊಸದನ್ನು ಆರಿಸಿದರೆ ಎಂಜಿನ್ನಿನ ವೇಗ ಹೆಚ್ಚು ಕುಸಿಯುತ್ತದೆ, ಹಳೆಯದನ್ನು ಆರಿಸಿದರೆ ಕಡಿಮೆ. ಆದರೂ ಬ್ಯಾಟರಿ, ಆಲ್ಟರ್ನೇಟರ್ ಎರಡೂ ಕೈಕೊಟ್ಟ ದಿನ ಎಂಜಿನ್ನನ್ನು ತಿರುಗಿಸುತ್ತಿರುವುದು ಆ ಹಳೆಯದೇ.