ನಾಲ್ಕು ಗೋಡೆಗಳ ನಡುವೆ ರಾಕ್ ಹಾಡು

ಪಿಯುಸಿ ಓದುವ ಮಗ ಗಿಟಾರು ಹಿಡಿದು, ಗೆಳೆಯರಿಬ್ಬರನ್ನು ಕೂಡಿಸಿಕೊಂಡು, ಮನೆಯ ಕೋಣೆಯಲ್ಲೇ ರಾಕ್ ಹಾಡೊಂದನ್ನು ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸಿದ ಎನ್ನಿ. ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನ್ ಏರಿಸಿಕೊಂಡು ಕೇಳಿದಾಗ ಅದು ಲೋಕ ಗೆಲ್ಲುವ ಹಾಡು. ಹೆತ್ತವರಿಗೆ ಹೆಗ್ಗಣ ಮುದ್ದಲ್ಲವೆ? ಮರುದಿನ ಅದನ್ನೇ ಗೆಳೆಯನ ಮೊಬೈಲಿನಲ್ಲಿ ಹಾಕಿದರೆ ಹಾಡುಗಾರ ಬಾವಿಯೊಳಗಿಂದ ಕೂಗಿದಂತಿದೆ, ಬೇಸ್ ಗಿಟಾರಿನ ಸುಳಿವೇ ಇಲ್ಲ. ಚಿಕ್ಕಪ್ಪನ ಕಾರಿನಲ್ಲಿ ಹಾಕಿದರೆ ಬೇಸ್ ಬಿಟ್ಟು ಬೇರೇನೂ ಇಲ್ಲ. ಹುಡುಗ ಸಪ್ಪೆ ಮುಖ ಮಾಡಿಕೊಂಡು ಮನೆಗೆ ಬಂದು ಹೇಳುವ ಮೊದಲ ಮಾತು: 'ಈ ಮೈಕು ಸರಿಯಿಲ್ಲ, ಒಳ್ಳೆಯದು ಬೇಕು.' ಅದರ ಬೆಲೆ ಕೇಳಿ ಅಪ್ಪನ ಮುಖವೂ ಸಪ್ಪಗಾಗುತ್ತದೆ.

ಹಣ ಬಿಚ್ಚುವ ಮುನ್ನ ಸ್ವಲ್ಪ ತಡೆಯಿರಿ. ಮೊದಲ ಮುದ್ರಣ ಕೆಡುವುದು ಸಾಮಾನ್ಯವಾಗಿ ಮೈಕಿನಿಂದಲ್ಲ. ಕೋಣೆಯಿಂದ, ದೂರದಿಂದ ಮತ್ತು ಕೇಳುವ ಕಿವಿಯಿಂದ. ಈ ಮೂರನ್ನೂ ವಿಜ್ಞಾನ ಪುಸ್ತಕದ ಶಬ್ದ ಪಾಠದ ನೆರವಿನಿಂದಲೇ ಬಹುಮಟ್ಟಿಗೆ ತಿದ್ದಬಹುದು.

ಮನೆಯಲ್ಲಿ ಮಾಡಿದ ಮುದ್ರಣ ಕೀಳೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಎಂಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಪೋಲರಾಯ್ಡ್ ಕಂಪನಿಯಲ್ಲಿ ನೌಕರಿಗಿದ್ದ ಟಾಮ್ ಶೋಲ್ಜ್, ಕೆಲಸ ಮುಗಿದ ಮೇಲೆ ವಾಟರ್‌ಟೌನ್ ಎಂಬ ಊರಿನ ತಮ್ಮ ಮನೆಯ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಹಾಡು ಮುದ್ರಿಸುತ್ತಿದ್ದರು. ಕಂಪನಿಗಳು ಅವರ ಟೇಪುಗಳನ್ನು ಮತ್ತೆ ಮತ್ತೆ ತಿರಸ್ಕರಿಸಿದ್ದವು. ಕೊನೆಗೆ ಎಪಿಕ್ ಸಂಸ್ಥೆ ಒಪ್ಪಿತು. ಆದರೆ ಎಲ್ಲವನ್ನೂ ವೃತ್ತಿಪರ ಸ್ಟುಡಿಯೋದಲ್ಲಿ ಹೊಸದಾಗಿ ಮುದ್ರಿಸಬೇಕೆಂದು ಬಯಸಿತು. ಶೋಲ್ಜ್ ಮಾತ್ರ ವಾದ್ಯಭಾಗಗಳ ಬಹುಪಾಲನ್ನು ನೆಲಮಾಳಿಗೆಯಲ್ಲೇ ಮುಗಿಸಿದರು. 1976ರಲ್ಲಿ ಹೊರಬಂದ 'ಬೋಸ್ಟನ್' ಎಂಬ ಆ ಆಲ್ಬಂ ಅಮೆರಿಕವೊಂದರಲ್ಲೇ 1 ಕೋಟಿ 70 ಲಕ್ಷ ಪ್ರತಿಗಳ ಮನ್ನಣೆ ಪಡೆಯಿತು. ಎಂಜಿನಿಯರಿಂಗ್ ಮುಗಿಸಿಯೇ ಅವರು ಇದನ್ನೆಲ್ಲ ಮಾಡಿದರೆಂಬುದನ್ನು ತಂದೆತಾಯಿಗಳು ಗಮನಿಸಬಹುದು. ಓದಿದ್ದನ್ನು ಹಾಡಿಗೆ ಬಳಸಿದರೆಂಬುದನ್ನು ಮಕ್ಕಳು ಗಮನಿಸಬಹುದು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 1982ರ 'ನೆಬ್ರಾಸ್ಕ' ಆಲ್ಬಮ್ಮಂತೂ ಮನೆಯಲ್ಲಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಮುದ್ರಿಸಿದ್ದು. ಅವೇ ಹಾಡುಗಳನ್ನು ತಂಡದೊಂದಿಗೆ ಸ್ಟುಡಿಯೋದಲ್ಲೂ ನುಡಿಸಿ ನೋಡಿ, ಕಡೆಗೆ ಕ್ಯಾಸೆಟ್ಟಿನದನ್ನೇ ಹೊರತಂದರು.

ಈಗ ಕೋಣೆಗೆ ಬರೋಣ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಗಾದೆ ತಿರುವುಮುರುವು, ನೆಲವೂ ಗೋಡೆಯೂ ನಿಜಕ್ಕೂ ತಪ್ಪಿತಸ್ಥರೇ. ಹತ್ತು ಅಡಿ, ಅಂದರೆ ಸುಮಾರು 3 ಮೀಟರು ಅಂತರದ ಎರಡು ಗೋಡೆಗಳ ನಡುವೆ ಶಬ್ದ ಹೋಗಿ ಬರಲು 6 ಮೀಟರು ಪಯಣಿಸಬೇಕು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಭಾಗಿಸಿ ನೋಡಿ: ಸೆಕೆಂಡಿಗೆ 56 ಬಾರಿ ಕಂಪಿಸುವ ಸ್ವರ ಆ ಗೋಡೆಗಳ ನಡುವೆ ಸ್ಥಾಯಿ ಅಲೆಯಾಗಿ ನಿಂತುಬಿಡುತ್ತದೆ. ಬೇಸ್ ಗಿಟಾರಿನ 'ಎ' ತಂತಿಯ ಆವೃತ್ತಿ 55 ಹರ್ಟ್ಜ್! ಹೀಗಾಗಿ ಆ ಒಂದು ಸ್ವರ ಗೋಡೆಯ ಬಳಿ ಗುಡುಗುತ್ತದೆ, ಕೋಣೆಯ ನಟ್ಟನಡುವೆ ಮಾಯವಾಗುತ್ತದೆ. ನಡುವೆ ಕುಳಿತು ಮಿಶ್ರಣ ಮಾಡಿದವನು ಬೇಸ್ ಸಾಲದೆಂದು ಏರಿಸುತ್ತಾನೆ. ಚಿಕ್ಕಪ್ಪನ ಕಾರು ನಡುಗುವುದು ಇದರಿಂದ. ಆದ್ದರಿಂದ ಬೇಸ್ ಗಿಟಾರನ್ನು ಮೈಕಿನ ಮುಂದೆ ನುಡಿಸುವುದಕ್ಕಿಂತ ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆಯ ಮೂಲಕ ನೇರವಾಗಿ ಕಂಪ್ಯೂಟರಿಗೆ ಜೋಡಿಸುವುದು ಮೇಲು. ಆಗ ಮುದ್ರಣದಲ್ಲಾದರೂ ಕೋಣೆಯ ಪಾತ್ರವಿರುವುದಿಲ್ಲ.

ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವ ಹುಡುಗರಿದ್ದಾರೆ. ದಯವಿಟ್ಟು ಬೇಡ. ಆ ತೆಳು ರಟ್ಟಿಗೆ ಶಬ್ದವನ್ನು ಹೀರುವ ಶಕ್ತಿ ತೀರಾ ಕಡಿಮೆ. ಅಟ್ಟದ ಮೇಲಿರುವ ದಪ್ಪ ಕೌದಿ, ಹತ್ತಿಯ ಹಾಸಿಗೆ ಇವು ಎಷ್ಟೋ ವಾಸಿ; ಮಂದ್ರದ ಆರು ಮೀಟರಿನ ಅಲೆಯನ್ನು ತಡೆಯಲಾರವು, ಆದರೆ ದನಿಗೆ ಅಂಟುವ ಗುಂಯ್‌ಗುಟ್ಟುವಿಕೆಯನ್ನು ಚೆನ್ನಾಗಿ ಕುಗ್ಗಿಸುತ್ತವೆ. ಅವನ್ನು ಎಲ್ಲಿ ತೂಗುಹಾಕಬೇಕು? ಮೈಕಿನ ಹಿಂದೆ ಎಂದು ಹೆಚ್ಚಿನವರು ಭಾವಿಸುತ್ತಾರೆ. ಆದರೆ ಹಾಡಿಗೆ ಬಳಸುವ ಸಾಮಾನ್ಯ ಮೈಕುಗಳು ಮುಂದಿನಿಂದ ಬರುವ ಶಬ್ದವನ್ನೇ ಮುಖ್ಯವಾಗಿ ಹಿಡಿಯುತ್ತವೆ, ಅವುಗಳ ಬೆನ್ನು ಕಿವುಡು. ಹಾಡುಗಾರನ ಬೆನ್ನ ಹಿಂದಿನ ಗೋಡೆಗೆ ಬಡಿದು ಬರುವ ಶಬ್ದ ನೇರ ಮೈಕಿನ ಬಾಯಿಗೇ ಬೀಳುತ್ತದೆ. ಕೌದಿ ಇರಬೇಕಾದುದು ಅಲ್ಲಿ.

ಇನ್ನು ದೂರ. ದೂರ ಅರ್ಧವಾದಾಗಲೆಲ್ಲ ಬಾಯಿಂದ ನೇರವಾಗಿ ಬರುವ ಶಬ್ದದ ತೀವ್ರತೆ ನಾಲ್ಕು ಪಟ್ಟಾಗುತ್ತದೆ, ಅಂದರೆ 6 ಡೆಸಿಬೆಲ್ ಏರುತ್ತದೆ. ಗೋಡೆಗಳಿಂದ ಬರುವ ಶಬ್ದ ಮಾತ್ರ ಕೋಣೆಯ ತುಂಬ ಹೆಚ್ಚುಕಡಿಮೆ ಒಂದೇ ಸಮ. ಎರಡಡಿ ದೂರ ನಿಂತಿದ್ದವನು ಅರ್ಧ ಅಡಿಗೆ ಸರಿದರೆ 12 ಡೆಸಿಬೆಲ್ ಲಾಭ. ಬಾವಿಯಿಂದ ಮೇಲೆ ಬರಲು ಅಷ್ಟು ಸಾಕು! 'ಪ', 'ಬ' ಅಕ್ಷರಗಳ ಉಸಿರು ಬಡಿಯದಂತೆ ಮುಖವನ್ನು ತುಸು ಓರೆ ಮಾಡಬೇಕು. ಫ್ಯಾನ್ ಆರಿಸಬೇಕು, ಕುಕ್ಕರಿನ ಸೀಟಿಗೆ ಮೊದಲೇ ವೇಳೆ ಗೊತ್ತುಮಾಡಿಕೊಳ್ಳಬೇಕು.

ಮುದ್ರಣದ ಮಟ್ಟದ ಬಗ್ಗೆ ಒಂದು ಮಾತು. ಟೇಪಿನ ಕಾಲದಲ್ಲಿ ಹಿಸ್ಸೆನ್ನುವ ಸದ್ದನ್ನು ಮುಳುಗಿಸಲು ಮಟ್ಟವನ್ನು ಎತ್ತರದಲ್ಲಿಡುತ್ತಿದ್ದರು. ಕಂಪ್ಯೂಟರಿನಲ್ಲಿ ಅದು ಬೇಕಿಲ್ಲ. ಒಂದೊಂದು ಬಿಟ್‌ಗೆ ಸುಮಾರು 6 ಡೆಸಿಬೆಲ್‌ನಂತೆ 24 ಬಿಟ್ ಮುದ್ರಣದಲ್ಲಿ 144 ಡೆಸಿಬೆಲ್‌ಗಳ ಹರವಿದೆ. ಸೊನ್ನೆ ಡೆಸಿಬೆಲ್ ಎಂಬುದು ಅಲ್ಲಿ ತಾರಸಿ. ಅಲೆ ಅದಕ್ಕೆ ಬಡಿದರೆ ನೆತ್ತಿ ಕತ್ತರಿಸಿಹೋಗುತ್ತದೆ, ಮತ್ತೆ ಹಚ್ಚಲು ಬರುವುದಿಲ್ಲ. ಅತಿ ಜೋರಾದ ಕ್ಷಣವೂ ಮೈನಸ್ 10ರ ಆಸುಪಾಸಿನಲ್ಲಿರಲಿ.

ಎಲ್ಲವೂ ಮುದ್ರಣವಾದ ಮೇಲೆ ಮಿಶ್ರಣ. ಹೊಸಬರು ಇಲ್ಲಿ ಸೇರಿಸುತ್ತಲೇ ಹೋಗುತ್ತಾರೆ: ಇನ್ನಷ್ಟು ಪ್ರತಿಧ್ವನಿ, ಇನ್ನಷ್ಟು ಬೇಸ್, ಗಿಟಾರಿಗೆ ಇನ್ನಷ್ಟು ಕರ್ಕಶತೆ. ಅನುಭವಿಗಳು ಕಳೆಯುತ್ತಾರೆ. ಕಾರಣ ಮತ್ತೆ ಶಬ್ದಶಾಸ್ತ್ರದಲ್ಲಿದೆ. ನಮ್ಮ ಕಿವಿಯ ನಾಳ ಸುಮಾರು 2.5 ಸೆಂಟಿಮೀಟರು ಉದ್ದದ, ಒಂದು ಕಡೆ ಮುಚ್ಚಿದ ಕೊಳವೆ. ಮುಚ್ಚಿದ ಕೊಳವೆಯ ಲೆಕ್ಕ ಹಾಕಿದರೆ ಅದರ ಅನುರಣನೆಯ ಆವೃತ್ತಿ 3400 ಹರ್ಟ್ಜ್‌ನಷ್ಟು ಬರುತ್ತದೆ. ಕಿವಿ ಅತ್ಯಂತ ಚುರುಕಾಗಿರುವುದು ಆ ಸುತ್ತಮುತ್ತ. ಮಾತಿನ ವ್ಯಂಜನಗಳ ಸ್ಪಷ್ಟತೆಯೂ ಅಲ್ಲೇ. ರಾಕ್ ಗಿಟಾರಿನ ಕಚ್ಚುವ ನಾದವೂ ಅಲ್ಲೇ. ಒಂದೇ ಬೆಂಚಿನಲ್ಲಿ ಮೂವರು ಕುಳಿತಂತೆ! ದನಿ ಕೇಳಿಸದಿದ್ದರೆ ದನಿಯನ್ನು ಏರಿಸುವ ಬದಲು, ಹಾಡು ಬರುವ ಕಡೆಗಳಲ್ಲಿ ಗಿಟಾರಿನ 3000 ಹರ್ಟ್ಜ್ ಸುತ್ತಲಿನ ಭಾಗವನ್ನು ಎರಡು ಮೂರು ಡೆಸಿಬೆಲ್ ಇಳಿಸಿ ನೋಡಿ. ಗಿಟಾರಿನ ಅತಿ ಕೆಳಗಿನ ತಂತಿಯ ಆವೃತ್ತಿಯೇ 82 ಹರ್ಟ್ಜ್. ಅದಕ್ಕಿಂತ ಕೆಳಗೆ ಇರುವುದು ಬರೀ ಗೊಗ್ಗರು. ಅದನ್ನು ಸೋಸಿ ತೆಗೆದರೆ ಬೇಸ್‌ಗೆ ಜಾಗವಾಗುತ್ತದೆ. ಇದಕ್ಕೆಲ್ಲ ಉಚಿತವಾಗಿ ಸಿಗುವ ಆಡಾಸಿಟಿಯೂ ಸಾಕು.

ಗಿಟಾರನ್ನು ಎಡಕ್ಕೂ ಬಲಕ್ಕೂ ಹರಡಲು ಒಂದೇ ಟ್ರ್ಯಾಕನ್ನು ನಕಲು ಮಾಡಿ ಎರಡು ಕಡೆ ಹಾಕುವವರುಂಟು. ಅದರಿಂದ ಶಬ್ದ ಹೆಚ್ಚುತ್ತದೆಯೇ ಹೊರತು ಅಗಲ ಬರುವುದಿಲ್ಲ. ಎರಡು ಕಿವಿಗೂ ಒಂದೇ ಸದ್ದು ಬಿದ್ದರೆ ಮಿದುಳು ಅದನ್ನು ನಟ್ಟನಡುವೆ ಇರಿಸುತ್ತದೆ. ಅದೇ ಭಾಗವನ್ನು ಎರಡನೆಯ ಸಲ ನುಡಿಸಿಯೇ ಮುದ್ರಿಸಬೇಕು. ಬೆರಳಿನ ಸಣ್ಣ ವ್ಯತ್ಯಾಸಗಳೇ ಅಗಲವನ್ನು ಕೊಡುತ್ತವೆ. ಶೋಲ್ಜ್ ಗಿಟಾರುಗಳ ಪದರಗಳು ಹಾಗೆ ಒಂದರ ಮೇಲೊಂದು ನುಡಿಸಿ ಕಟ್ಟಿದವು.

ಕೊನೆಯ ತಪ್ಪಿತಸ್ಥ ಕಿವಿ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿಕೊಟ್ಟಂತೆ, ಶಬ್ದ ಮೆಲ್ಲಗಿದ್ದಾಗ ನಮ್ಮ ಕಿವಿಗೆ ಮಂದ್ರಸ್ವರಗಳು ಸರಿಯಾಗಿ ಕೇಳಿಸುವುದಿಲ್ಲ. ಜೋರಾದಂತೆ ಅವು ತುಂಬಿಕೊಳ್ಳುತ್ತವೆ. ಹೆಡ್‌ಫೋನನ್ನು ಜೋರಾಗಿಟ್ಟಾಗ ಹಾಡು ಅದ್ಭುತವಾಗಿ ಕೇಳಲು ಇದೇ ಮುಖ್ಯ ಕಾರಣ. ಮಾತಾಡುವಷ್ಟೇ ಸದ್ದಿನಲ್ಲಿಟ್ಟು ಮಿಶ್ರಣ ಮಾಡಿ. ಏನನ್ನಾದರೂ ಬದಲಿಸಿದಾಗ ಒಟ್ಟು ಸದ್ದು ಒಂದು ಡೆಸಿಬೆಲ್ ಹೆಚ್ಚಿದರೂ ಕಿವಿ ಅದನ್ನು 'ಚೆನ್ನಾಯಿತು' ಎಂದೇ ಹೇಳುತ್ತದೆ. ಸದ್ದನ್ನು ಮೊದಲಿನಷ್ಟಕ್ಕೆ ತಂದು ಹೋಲಿಸಿ. ನಿಮಗಿಷ್ಟವಾದ ರಾಕ್ ಹಾಡನ್ನೂ ಪಕ್ಕದಲ್ಲಿಟ್ಟು, ಸದ್ದನ್ನು ಸಮಮಾಡಿ, ಒಂದೊಂದು ನಿಮಿಷಕ್ಕೆ ಬದಲಾಯಿಸಿ ಕೇಳಿ. ಹಾಡನ್ನು ಹಿಂಡಿ ಜೋರು ಮಾಡುವುದರಿಂದಲೂ ಲಾಭವಿಲ್ಲ, ಏಕೆಂದರೆ ಯೂಟ್ಯೂಬಿನಂಥ ತಾಣಗಳು ಅತಿ ಜೋರಿನ ಹಾಡನ್ನು ತಾವೇ ತಗ್ಗಿಸುತ್ತವೆ.

ಮೆಲ್ಲಗೆ ಕೇಳಬೇಕೆನ್ನುವುದು ಹಾಡಿಗಾಗಿ ಮಾತ್ರವಲ್ಲ. ಕೆಲಸದ ಜಾಗಗಳಿಗೆ ತಜ್ಞರು ಹಾಕಿರುವ ಮಿತಿ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬರುವ ಹೊತ್ತಿಗೆ ಉಳಿಯುವುದು 15 ನಿಮಿಷ. ಒಳಗಿವಿಯ ಕೂದಲುಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೈಕನ್ನು ಇನ್ನೊಂದು ಕೊಳ್ಳಬಹುದು. ತಂದೆತಾಯಿಗಳು ಬೆಲೆಗಿಂತ ಮೊದಲು ವಿಚಾರಿಸಬೇಕಾದುದು ಇದನ್ನು.

ಇಷ್ಟಾದ ಮೇಲೆ ಎರಡು ದಿನ ಹಾಡನ್ನು ಮುಟ್ಟಬೇಡಿ. ಮೂರನೆಯ ದಿನ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಮೆಲ್ಲಗೆ ಹಾಕಿ, ಸಾಹಿತ್ಯವನ್ನು ಮೊದಲು ಕೇಳದವರೊಬ್ಬರನ್ನು, ಅಮ್ಮನೋ ಅಜ್ಜಿಯೋ ಆಗಬಹುದು, ಪಕ್ಕದಲ್ಲಿ ಕೂರಿಸಿ ಕೇಳಿಸಿದಷ್ಟು ಪದಗಳನ್ನು ಹೇಳಲು ಹೇಳಿ. ಅವರು ಎಡವಿದ ಪದಗಳನ್ನು ಗುರುತು ಮಾಡಿಕೊಂಡು, ಆ ಜಾಗಗಳಲ್ಲಿ ಮಾತ್ರ ದನಿಯನ್ನು ಒಂದು ಡೆಸಿಬೆಲ್ ಏರಿಸಿ, ಮತ್ತೊಮ್ಮೆ ಕೇಳಿಸಿ.