ಒಂದು ಹಿಡಿ ಅಕ್ಕಿ

ಒಲೆಯ ಮೇಲೆ ಎಸರಿಟ್ಟು ಅಕ್ಕಿ ಅಳೆಯುವಾಗ ನಿಮ್ಮ ಮನಸ್ಸಿನಲ್ಲಿ ಏನಿರುತ್ತದೆ? ತಿಂಗಳ ಕೊನೆಯಾದರೆ ಡಬ್ಬದ ತಳವೇ ಕಣ್ಣಿಗೆ ಬೀಳುತ್ತದೆ, ಅಲ್ವೇ?

ದೂರದ ಮಿಜೋರಾಂನ ಕ್ರೈಸ್ತ ಗೃಹಿಣಿ ಆ ಹೊತ್ತಿಗೆ ಒಂದು ಹಿಡಿ ಅಕ್ಕಿಯನ್ನು ಬೇರೆ ತೆಗೆದಿಡುತ್ತಾಳೆ. ಪ್ರತಿ ಸಲ ಅನ್ನಕ್ಕಿಡುವಾಗಲೂ! ಅವರ ಮಾತಿನಲ್ಲಿ ಇದಕ್ಕೆ 'ಬುಹ್‌ಫೈ ಥಾಮ್' ಎಂದು ಹೆಸರು. 1910ರಲ್ಲಿ ಶುರುವಾದದ್ದು ಇಂದಿಗೂ ನಡೆದುಬಂದಿದೆ. ಕೂಡಿದ ಅಕ್ಕಿಯನ್ನು ಚರ್ಚಿನ ಹೆಂಗಸರೇ ಮನೆಮನೆಗೆ ಹೋಗಿ ಸಂಗ್ರಹಿಸುತ್ತಾರೆ. ಮಾರಿ ಬಂದ ಹಣ ಚರ್ಚಿನ ಕಾರ್ಯಗಳಿಗೆ.

ನಮ್ಮಲ್ಲೂ ಮುಷ್ಟಿ ಅಕ್ಕಿ ತೆಗೆದಿಡೋದು ಹೊಸದೇನಲ್ಲ ಅನ್ನುತ್ತೀರಿ. ನಿಜ. ಆದರೆ ಒಂದು ಸೂಕ್ಷ್ಮ ನೋಡಿ. ಆ ಹಿಡಿ ಮಿಕ್ಕಿದ್ದರಿಂದಲ್ಲ, ಪಾತ್ರೆಗೆ ಬೀಳಬೇಕಾದ ಅಕ್ಕಿಯಿಂದಲೇ ತೆಗೆದದ್ದು. ಬೈಬಲಿನಲ್ಲಿ ಬಡ ವಿಧವೆಯ ಎರಡು ಕಾಸಿನ ಕಥೆ ಬರುತ್ತದಲ್ಲ, ಶ್ರೀಮಂತರ ಕಾಣಿಕೆಗಿಂತ ಯೇಸು ಅದನ್ನೇ ಹೆಚ್ಚೆಂದದ್ದು, ಹಾಗೆ. ಕೈಯಲ್ಲಿ ದುಡ್ಡು ಓಡಾಡದ ಹೆಂಗಸಿಗೂ ಕೊಡುವ ಭಾಗ್ಯ ಅಡುಗೆಮನೆಯಲ್ಲೇ ಸಿಕ್ಕಿತು. ಯಜಮಾನರ ಜೇಬು ನೋಡಬೇಕಾಗಿಲ್ಲ!

ಹಾಗಾದರೆ ಮಕ್ಕಳ ತಟ್ಟೆಗೆ ಕಡಿಮೆ ಮಾಡಿ ಕೊಡಬೇಕೇ? ಅಷ್ಟು ಬೇಡಮ್ಮ ಅನ್ನೋದು ನನ್ನ ಮಾತು. ಕೊರತೆಯ ದಿನ ಹಿಡಿ ಚಿಕ್ಕದಾಗಲಿ. ನಿಮ್ಮ ಪಾಲಿನದರಲ್ಲಿ ತೆಗೆದರೆ ಸಾಕು.