ಹಿಂದಿನ ಕೈ ಸೋಲ್ತಿದ್ರೆ ಮೊದಲು ಹಾಯಿ ನೋಡಿ: ವಿಂಡ್‌ಸರ್ಫಿಂಗ್ ಸ್ಲಾಲಮ್ ಸೆಟಪ್

ಚೆನ್ನೈಯ ಓಎಂಆರ್ ಕಡೆ ಕೆಲಸ ಮಾಡೋ ನಮ್ಮವರಿಗೆ ಒಂದು ಅನುಕೂಲ ಇದೆ. ಬೇಸಿಗೆಯಲ್ಲಿ ಮಧ್ಯಾಹ್ನ ದಾಟಿದ ಮೇಲೆ ಆಗ್ನೇಯದಿಂದ ಸಮುದ್ರದ ಗಾಳಿ ಬರುತ್ತೆ, ಕೋವಳಂ ತೀರ ಅಷ್ಟೇನೂ ದೂರ ಅಲ್ಲ. ವಿಂಡ್‌ಸರ್ಫಿಂಗ್ ಕಲಿತು ಆಮೇಲೆ ಸ್ಲಾಲಮ್ ಕಡೆ ಹೊರಳಿದವರಲ್ಲಿ ನಾನೂ ಒಬ್ಬ. ಗೊತ್ತಿಲ್ಲದವರಿಗೆ ಹೇಳ್ತೀನಿ: ಸ್ಲಾಲಮ್ ಅಂದ್ರೆ ನೀರಲ್ಲಿ ತೇಲಿಬಿಟ್ಟ ಬೋಯ್‌ಗಳ ನಡುವೆ ಗಾಳಿಗೆ ಅಡ್ಡವಾಗಿ ಜೋರಾಗಿ ಓಡೋದು, ಪ್ರತಿ ಬೋಯ್ ಸುತ್ತಿ ತಿರುಗೋದು, ಮೊದಲು ಮುಗಿಸಿದವರು ಗೆದ್ದಂತೆ. ಅದರ ಬೋರ್ಡು, ಹಾಯಿ ಎಲ್ಲಾ ವೇಗಕ್ಕೆಂದೇ ಮಾಡಿದ್ದು. ಹಾಗಾಗಿ ಸೆಟಪ್ ಸ್ವಲ್ಪ ತಪ್ಪಿದರೂ ಕ್ಷಮಿಸೋದಿಲ್ಲ.

ಹಲವು ಸಲ ಸ್ಲಾಲಮ್ ವಿಶ್ವ ಚಾಂಪಿಯನ್ ಆದ ಫ್ರಾನ್ಸಿನ ಆಂತ್ವಾನ್ ಆಲ್ಬೋ 2015ರಲ್ಲಿ ನಮೀಬಿಯಾದ ಲ್ಯೂಡೆರಿಟ್ಜ್‌ನಲ್ಲಿ 53.27 ನಾಟ್ ವೇಗದ ದಾಖಲೆ ಮಾಡಿದ. ಗಂಟೆಗೆ ಸುಮಾರು 98.7 ಕಿಲೋಮೀಟರ್! ಆದರೆ ಅಲ್ಲಿ ನೀರು ಸಪಾಟಾಗಿರಲಿ ಅಂತ ಕಾಲುವೆಯನ್ನೇ ತೋಡಿದ್ದರು. ನಮಗೆ ಸಿಗೋದು ಬಂಗಾಳ ಕೊಲ್ಲಿಯ ಕುಲುಕಾಟ. ಹಿಡಿತವನ್ನ ನಾವು ಸೆಟಪ್‌ನಲ್ಲೇ ತಂದುಕೊಳ್ಳಬೇಕು.

ನನ್ನ ಗೆಳೆಯರೊಬ್ಬರಿದ್ದಾರೆ, ಹಾಸನದವರು, ತೂಕ 64 ಕೆಜಿ. ಸೆಕೆಂಡ್ ಹ್ಯಾಂಡ್ ಕಿಟ್ ತಗೊಂಡ್ರು: 67 ಸೆಂಟಿಮೀಟರ್ ಅಗಲದ ಬೋರ್ಡು, 7 ಚದರ ಮೀಟರಿನ ಹಾಯಿ, 42 ಸೆಂಟಿಮೀಟರಿನ ಫಿನ್. ಕೊಟ್ಟವರು 90 ಕೆಜಿಯ ಆಳು. 18 ನಾಟ್ ಗಾಳಿಗೆ, ಅಂದ್ರೆ ಗಂಟೆಗೆ 33 ಕಿಲೋಮೀಟರಿಗೆ, ಹತ್ತು ನಿಮಿಷದಲ್ಲಿ ಇವರ ಹಿಂದಿನ ಕೈ ಸತ್ತುಹೋಗ್ತಿತ್ತು. ಬಾಲದ ಕಡೆಗಿರೋ ಕೈಯನ್ನ ಹಿಂದಿನ ಕೈ ಅಂತೀವಿ. ಗಾಳಿ ಗುಮ್ಮಿದಾಗಲೆಲ್ಲಾ ಹಾಯಿ ಮುಂದಕ್ಕೆ ಎತ್ತಿ ಎಸೀತಿತ್ತು. “ನನಗೆ ಇಷ್ಟು ಶಕ್ತಿ ಇಲ್ಲ ಮಾರಾಯ್ರೆ, ಮಾರಿಬಿಡ್ತೀನಿ” ಅಂತ ಗಿರಾಕಿ ಹುಡುಕೋಕೂ ಶುರು ಮಾಡಿದ್ರು. ಶಕ್ತಿಯ ಪ್ರಶ್ನೆಯೇ ಅಲ್ಲ ಅದು. ಬೇರೆಯವರ ಕಾನ್ಫಿಗ್ ಫೈಲ್ ನಮ್ಮ ಸರ್ವರಿಗೆ ಹಾಕಿದ ಹಾಗಿತ್ತು.

ಲೆಕ್ಕ ಸರಳ. ಗಾಳಿ ಹಾಯಿಯನ್ನ ತಳ್ಳೋದಕ್ಕೆ ಒಂದು ಕೇಂದ್ರ ಇರುತ್ತೆ. ಆ ಕೇಂದ್ರ ಹಿಂದಕ್ಕೆ, ಮೇಲಕ್ಕೆ ಸರಿದರೆ ಹಿಂದಿನ ಕೈಗೆ ಭಾರ. ಅದನ್ನ ಸರಿಸೋದು ಮುಖ್ಯವಾಗಿ ಡೌನ್‌ಹಾಲ್, ಅಂದ್ರೆ ಹಾಯಿಯನ್ನ ಮಾಸ್ಟಿನ ಉದ್ದಕ್ಕೆ ಕೆಳಗೆ ಎಳೆದು ಬಿಗಿಯೋ ಹಗ್ಗ. ಇದು ಸಾಕಷ್ಟು ಬಿಗಿದಾಗ ಹಾಯಿಯ ಮೇಲ್ಭಾಗದ ಹಿಂದಿನ ಅಂಚು ಸಡಿಲಾಗುತ್ತೆ. ಗಾಳಿ ಗುಮ್ಮಿದಾಗ ಆ ಅಂಚು ತಿರುಚಿಕೊಂಡು ಹೆಚ್ಚಿನ ಗಾಳಿಯನ್ನ ಬಿಟ್ಟುಬಿಡುತ್ತೆ, ಪ್ರೆಶರ್ ಕುಕ್ಕರಿನ ವಿಶಲ್ ಥರ. ಕಮ್ಮಿ ಬಿಗಿದರೆ ಅಂಚು ಗಟ್ಟಿಯಾಗಿ ನಿಂತು ಅಷ್ಟೂ ಹೊಡೆತ ನಮ್ಮ ತೋಳಿಗೆ. ದಡದಲ್ಲಿ ಸುಕ್ಕಿಲ್ಲದೆ ಚೆಂದ ಕಾಣೋ ಹಾಯಿ ನೀರಲ್ಲಿ ಕೆಟ್ಟದಾಗಿ ವರ್ತಿಸೋದು ಇದಕ್ಕೇ. ಎಷ್ಟು ಸಡಿಲಾಗಬೇಕು ಅನ್ನೋ ಗುರುತು ಹಲವು ಸ್ಲಾಲಮ್ ಹಾಯಿಗಳ ಮೇಲೇ ಇರುತ್ತೆ. ಕೈಯಲ್ಲಿ ಎಳೆದರೆ ಬರೋದು ಕಷ್ಟ, ಬಿಗಿಯೋ ಸಾಧನ ಒಂದು ಇಟ್ಟುಕೊಳ್ಳಿ. ನಮ್ಮ ಗೆಳೆಯರ ಹಾಯಿಗೆ ಇನ್ನೂ ಎರಡು ಸೆಂಟಿಮೀಟರ್ ಬೇಕಿತ್ತು, ಅಷ್ಟೇ.

ಔಟ್‌ಹಾಲ್, ಅಂದ್ರೆ ಬೂಮಿನ ತುದಿಗೆ ಎಳೆಯೋ ಹಗ್ಗ, ಆಮೇಲೆ. ಜೋರು ಗಾಳಿಗೆ ಒಂದೆರಡು ಸೆಂಟಿಮೀಟರ್ ಹೆಚ್ಚು ಎಳೆದರೆ ಹಾಯಿ ಚಪ್ಪಟೆಯಾಗಿ ಜಗ್ಗೋದು ಕಮ್ಮಿಯಾಗುತ್ತೆ.

ಈಗ ಹಾರ್ನೆಸ್ ಲೈನ್. ಸೊಂಟದ ಕೊಕ್ಕೆ ಸಿಕ್ಕಿಸೋಕೆ ಬೂಮಿಗೆ ಕಟ್ಟಿರೋ ಕುಣಿಕೆ ಇದು. ಪೂರ್ತಿ ವೇಗದಲ್ಲಿದ್ದಾಗ ಬೆರಳುಗಳನ್ನ ಒಂದು ಕ್ಷಣ ಬಿಚ್ಚಿ ನೋಡಿ. ಹಿಂದಿನ ಕೈಗೆ ಎಳೆತ ಉಳಿದರೆ ಲೈನನ್ನ ಹಿಂದಕ್ಕೆ ಸರಿಸಿ, ಮುಂದಿನ ಕೈಗಾದರೆ ಮುಂದಕ್ಕೆ. ಬಹಳ ಜನ ಎಡವೋದು ಇಲ್ಲೇ: ಡೌನ್‌ಹಾಲ್ ನೋಡದೆ ಮೊದಲು ಲೈನ್ ಸರಿಸ್ತಾರೆ. ಕೈಗೆ ಆರಾಮ ಅನ್ಸುತ್ತೆ, ಆದರೆ ಮೂಲ ದೋಷ ಹಾಗೇ ಇರುತ್ತೆ, ಮುಂದಿನ ಗಾಳಿಗೆ ಮತ್ತೆ ಎಸೀತದೆ. ಬಗ್ ಸರಿಮಾಡದೆ ಎರರ್ ಮೆಸೇಜ್ ಮುಚ್ಚಿಟ್ಟ ಹಾಗೆ. ಅದಕ್ಕೇ ಹಾಯಿ ಮೊದಲು, ಲೈನ್ ಆಮೇಲೆ, ಬೋರ್ಡು ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ, ನಾಲ್ಕಾರು ಓಟ, ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳೋದು. ಎರಡನ್ನ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡ್ತು ಅಂತ ದೇವರಿಗೂ ತಿಳಿಯಲ್ಲ.

ಬೋರ್ಡಿನ ಮೂತಿ ಮೇಲೆದ್ದು ಹಾರೋ ಹಾಗಿದ್ರೆ ಮಾಸ್ಟಿನ ಬುಡವನ್ನ ಒಂದು ಸೆಂಟಿಮೀಟರ್ ಮುಂದಕ್ಕೆ ತನ್ನಿ, ಬೋರ್ಡು ನೀರಿಗೆ ಅಂಟಿಕೊಳ್ಳುತ್ತೆ. ಹಿಂದಕ್ಕೆ ಒಯ್ದರೆ ಹಗುರಾಗಿ ಓಡುತ್ತೆ, ಜತೆಗೆ ತುಂಟತನ ಜಾಸ್ತಿ. ಬೂಮನ್ನ ತುಸು ಇಳಿಸಿದರೂ ಜೋರು ಗಾಳಿಯಲ್ಲಿ ಹಿಡಿತ ಸಿಗುತ್ತೆ, ಆದರೆ ತೀರಾ ಇಳಿಸಿದರೆ ನಮ್ಮ ತೂಕ ಹಾಯಿಗೆ ಸರಿಯಾಗಿ ಸಿಗಲ್ಲ.

ಉಳಿದದ್ದು ಫಿನ್. ನೀರಿನೊಳಗಿರೋ ಈ ರೆಕ್ಕೆ ಬಾಲವನ್ನ ಎತ್ತುತ್ತೆ. 90 ಕೆಜಿಯವರ ಕಾಲು ಅದನ್ನ ಒತ್ತಿ ಹಿಡಿಯುತ್ತೆ, 64 ಕೆಜಿಯವರಿಗೆ ಬೋರ್ಡು ಕಾಲಡಿಯಲ್ಲೇ ಮಗುಚೋಕೆ ನೋಡುತ್ತೆ. 42 ತೆಗೆದು 38 ಹಾಕಿದ್ವಿ. ಇನ್ನೂ ಚಿಕ್ಕದು ಹಾಕಬಹುದಿತ್ತು, ಆದರೆ ಚಿಕ್ಕ ಫಿನ್ ಮೇಲೆ ಹಿಂದಿನ ಕಾಲಿಂದ ಒದ್ದರೆ ನೀರಿನ ಹಿಡಿತ ತಪ್ಪಿ ಬಾಲ ಪಕ್ಕಕ್ಕೆ ಜಾರಿಹೋಗುತ್ತೆ, ಮತ್ತೆ ಇವರಿಗೆ ಒದೆಯೋ ಅಭ್ಯಾಸ ಇನ್ನೂ ಹೋಗಿಲ್ಲ. ಆ ಶನಿವಾರ ಸಂಜೆ ಅದೇ 18 ನಾಟಿಗೆ ಬೂಮಿನ ಮೇಲೆ ಎರಡೇ ಬೆರಳಿಟ್ಟು ಬಂದ್ರು. ಗಿರಾಕಿಗೆ ಫೋನ್ ಮಾಡಿ ಕಿಟ್ ಕೊಡೋದಿಲ್ಲ ಅಂದ್ರು, 42ರ ಫಿನ್ ಬೇಕಿದ್ರೆ ತಗೊಳ್ಳಿ ಅಂತಾನೂ ಅಂದ್ರು.